ಪಂದ್ಯ ಯಾವ ಊರಿಗೆ, ಯಾರ ಪುರಸತ್ತಿಗೆ?

2022ರ ನವೆಂಬರ್ 4, ಶುಕ್ರವಾರ ರಾತ್ರಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಡರ್ಸ್‌ಫೀಲ್ಡ್ ಎಂಬ ಊರಿನಲ್ಲಿ ರಗ್ಬಿ ವಿಶ್ವಕಪ್ಪಿನ ಒಂದು ಕ್ವಾರ್ಟರ್ ಫೈನಲ್ ಪಂದ್ಯ ನಡೆಯಿತು. ಒಂದು ಕಡೆ ಆಸ್ಟ್ರೇಲಿಯ, ಆ ಆಟದಲ್ಲಿ ಜಗತ್ತಿಗೇ ಹಿರಿಯಣ್ಣ. ಇನ್ನೊಂದು ಕಡೆ ಲೆಬನಾನ್. ಮೈದಾನ ಇಪ್ಪತ್ತನಾಲ್ಕು ಸಾವಿರ ಜನ ಹಿಡಿಯುವಂಥದು. ಬಂದವರು 8,206 ಮಂದಿ. ಮರುದಿನ ಹಲ್ ಎಂಬ ಬಂದರು ಪಟ್ಟಣದಲ್ಲಿ ನ್ಯೂಜಿಲೆಂಡಿಗೂ ಫಿಜಿಗೂ ಪಂದ್ಯ. ಅಲ್ಲಿಯ ಮೈದಾನ ಇಪ್ಪತ್ತೈದು ಸಾವಿರದ್ದು, ಬಂದವರು 7,080. ಮೂರು ಕುರ್ಚಿಗೆ ಎರಡು ಖಾಲಿ.

ಇಂಥ ಲೆಕ್ಕ ಹೊರಬಿದ್ದೊಡನೆ ದೊಡ್ಡವರು ಆಡುವ ಮಾತು ಒಂದೇ: ಈ ಊರುಗಳಲ್ಲಿ ಜನಕ್ಕೆ ಆಟ ಬೇಡವಾಗಿದೆ, ಪಂದ್ಯಗಳನ್ನು ಲಂಡನ್ನಿಗೆ ಒಯ್ಯೋಣ, ದುಬಾರಿ ಹೋಟೆಲುಗಳಿರುವ ಪಟ್ಟಣಕ್ಕೆ ಒಯ್ಯೋಣ, ಅಮೆರಿಕಕ್ಕೆ ಒಯ್ಯೋಣ. ಒಯ್ದದ್ದೂ ಉಂಟು. 2024ರಿಂದ ಆಸ್ಟ್ರೇಲಿಯದ ಲೀಗಿನವರು ತಮ್ಮ ಹಂಗಾಮಿನ ಮೊದಲ ಪಂದ್ಯಗಳನ್ನು ಜೂಜಾಟಕ್ಕೆ ಹೆಸರಾದ ಲಾಸ್ ವೇಗಸ್ ಪಟ್ಟಣದಲ್ಲಿ ಆಡಿಸತೊಡಗಿದರು. ಜನ ಬರಲಿಲ್ಲವೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಏಕೆ ಬರಲಿಲ್ಲ ಎಂಬಲ್ಲಿ ನಮ್ಮ ತಕರಾರು ಇದೆ.

ಇದನ್ನು ಬರೆಯುತ್ತಿರುವಾಗಲೇ ನಮ್ಮ ಕಚೇರಿಯ ಕೆಳಗಿನ ಚಹದಂಗಡಿಯ ಯಜಮಾನರು ಮೇಲೆ ಬಂದರು. "ಎಲ್ಲಾ ಬಿಟ್ಟು ಆ ಬಿಳಿಯರ ಆಟದ ಗೊಡವೆ ನಮಗ್ಯಾಕ್ರಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟೆ: ಇದು ಬಿಳಿಯ ದೊರೆಗಳ ಆಟವಲ್ಲ. ಹತ್ತಿ ಉಣ್ಣೆಯ ಗಿರಣಿಗಳಲ್ಲಿ, ಕಲ್ಲಿದ್ದಲ ಗಣಿಗಳಲ್ಲಿ, ಹಡಗುಕಟ್ಟೆಗಳಲ್ಲಿ ದುಡಿದವರು ಕೂಲಿಯ ಪ್ರಶ್ನೆಯ ಮೇಲೆ ಒಡೆದುಕೊಂಡು ಬಂದು ಕಟ್ಟಿದ ಆಟ. ಅದರ ಕಥೆ ನಮ್ಮ ಗಿರಣಿ ಬಂಧುಗಳಿಗೆ ತಿಳಿದಿರತಕ್ಕದ್ದು. ಕಥೆ ಹೇಳದೆ ಖಾಲಿ ಕುರ್ಚಿಯ ಲೆಕ್ಕವೂ ಸರಿಯಾಗಿ ಅರ್ಥವಾಗಲಾರದು.

ರಗ್ಬಿ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಎದುರಾಳಿಗಳು ಅವನನ್ನು ಹಿಡಿದು ಕೆಡವಬೇಕು; ನಮ್ಮ ಕಬಡ್ಡಿಯ ಹಿಡಿತವನ್ನೂ ಕುಸ್ತಿಯ ಪಟ್ಟನ್ನೂ ಬಲ್ಲವನಿಗೆ ನೋಡಿದ ಹತ್ತು ನಿಮಿಷದಲ್ಲಿ ರುಚಿ ಹತ್ತುತ್ತದೆ. ಇಂಗ್ಲೆಂಡಿನಲ್ಲಿ ಅದು ಮೊದಲು ಶ್ರೀಮಂತರ ಮಕ್ಕಳು ಓದುವ ಶಾಲೆಗಳ ಆಟವಾಗಿತ್ತು. 1850ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಿಸಿತು. ಅವರು ಹೊರಬಿದ್ದರೆ ಗಿರಣಿಯೇ ನಿಲ್ಲುತ್ತಿದ್ದುದರಿಂದ ಕ್ರಮೇಣ ಗಂಡಸರಿಗೂ ಅರ್ಧ ದಿನದ ಬಿಡುವು ದೊರೆಯಿತು. ಶನಿವಾರದ ಆ ಇಳಿಹೊತ್ತು ಉತ್ತರ ಇಂಗ್ಲೆಂಡಿನ ಆಟವನ್ನೇ ಬದಲಾಯಿಸಿತು. ಯಾರ್ಕ್‌ಷೈರ್ ಲ್ಯಾಂಕಷೈರ್ ಊರೂರಿನಲ್ಲಿ ತಂಡಗಳು ಎದ್ದವು. ಭೋಂಗಾ ಆದಮೇಲೆ ನೂಲಿನ ಧೂಳು ಕೊಡವಿಕೊಂಡು ಬಂದವರು ಮೈದಾನದ ಅಂಚಿಗೆ ನಿಂತು ನೋಡಿದರು, ಅವರಲ್ಲಿ ಗಟ್ಟಿಗರಾದವರು ಒಳಗಿಳಿದು ಆಡಿದರು.

ತೊಡಕು ಬಂದದ್ದು ದೂರದ ಪಂದ್ಯಗಳಿಂದ. ಬೇರೆ ಊರಿಗೆ ಆಡಲು ಹೋಗಬೇಕಾದರೆ ಕೆಲಸಗಾರನು ಬೆಳಗಿನಿಂದಲೇ ರಜ ಹಾಕಬೇಕು. ರಜ ಹಾಕಿದರೆ ಆ ದಿನದ ಪಗಾರ ಹೋಯಿತು. ಕಳೆದುಹೋದ ಆ ಕೂಲಿಯನ್ನಾದರೂ ತಂಡದವರು ತುಂಬಿಕೊಡಲಿ ಎಂಬುದು ಉತ್ತರದವರ ಬೇಡಿಕೆ. ಅವರು ಅದನ್ನು ಬ್ರೋಕನ್ ಟೈಮ್ ಎಂದು ಕರೆದರು. 1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ರಗ್ಬಿ ಯೂನಿಯನ್ನಿನ ಮಹಾಸಭೆ ಸೇರಿತು. ಬೇಡಿಕೆಯ ಪರ 136 ಮತ, ವಿರುದ್ಧ 282. ಆಡುವುದಕ್ಕೆ ಪುರಸತ್ತಿಲ್ಲದವನು ಆಡಬೇಕಾದ್ದಿಲ್ಲ ಎಂಬುದು ಗೆದ್ದವರ ವಾದದ ತಿರುಳು. ಆ ಸಭೆಯೂ ಲಂಡನ್ನಿನಲ್ಲೇ ಸೇರಿತ್ತೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಸ್ಥಳವನ್ನು ಗೊತ್ತುಮಾಡುವವನು ಅರ್ಧ ನಿರ್ಣಯವನ್ನೂ ಮಾಡಿಬಿಟ್ಟಿರುತ್ತಾನೆ.

1895ರ ಆಗಸ್ಟ್ 29ರಂದು ಉತ್ತರದ ಇಪ್ಪತ್ತು ಚಿಲ್ಲರೆ ತಂಡಗಳ ಪ್ರತಿನಿಧಿಗಳು ಒಂದು ಹೋಟೆಲಿನಲ್ಲಿ ಸಭೆ ಸೇರಿ ಲಂಡನ್ನಿನ ಸಂಬಂಧವನ್ನು ಕಡಿದುಕೊಂಡರು. ಕಳೆದ ಕೂಲಿಗೆ ದಿನಕ್ಕೆ ಆರು ಷಿಲ್ಲಿಂಗು ಎಂದು ಗೊತ್ತುಮಾಡಿಕೊಂಡರು. 1906ರಲ್ಲಿ ಪಕ್ಷಕ್ಕೆ ಹದಿನೈದು ಆಟಗಾರರಿದ್ದುದನ್ನು ಹದಿಮೂರಕ್ಕೆ ಇಳಿಸಿದರು. 1922ರಲ್ಲಿ ರಗ್ಬಿ ಲೀಗ್ ಎಂದು ಹೆಸರಿಟ್ಟುಕೊಂಡರು. ದೊರೆಗಳಿಗೆ ಈ ಆಟದ ಮೇಲೆ ಎಷ್ಟು ಹಗೆ ಇತ್ತೆಂದರೆ, ಫ್ರಾನ್ಸಿನಲ್ಲಿ ನಾಜಿಗಳಿಗೆ ತಲೆಬಾಗಿದ ವಿಷಿ ಸರಕಾರ 1941ರಲ್ಲಿ ಹದಿಮೂರು ಮಂದಿಯ ರಗ್ಬಿಯನ್ನೇ ನಿಷೇಧಿಸಿ ಅದರ ಸಂಘದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಇರಲಿ. ಉತ್ತರದವರು 1895ರಲ್ಲಿ ಸೇರಿದ ಹೋಟೆಲು ಇದ್ದ ಊರು ಹಡರ್ಸ್‌ಫೀಲ್ಡ್. ನಾವು ಮೊದಲಲ್ಲಿ ಹೇಳಿದ, ಮೂರರಲ್ಲೆರಡು ಕುರ್ಚಿ ಖಾಲಿಯಿದ್ದ ಊರು ಅದೇ.

ಆಟ ಹುಟ್ಟಿದ ಊರಿನವರೇ ಆಟಕ್ಕೆ ಬೆನ್ನು ತೋರಿಸಿದರೆ? ಹಾಗೆ ತಿಳಿಯುವ ಮುಂಚೆ ಹಳೆಯ ಒಂದು ಲೆಕ್ಕ ನೋಡಬೇಕು.

ಈ ಆಟದ ದೊಡ್ಡ ಬಹುಮಾನ ಚಾಲೆಂಜ್ ಕಪ್. ಅದರ ಅಂತಿಮ ಪಂದ್ಯವನ್ನು 1929ರಲ್ಲಿ ಮೊದಲ ಸಲ ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ಒಯ್ದರು. ವಿಗನ್ ತಂಡ ಡ್ಯೂಸ್‌ಬರಿಯನ್ನು 13–2ರಿಂದ ಸೋಲಿಸಿತು. ನಲವತ್ತೊಂದು ಸಾವಿರ ಜನ ನೋಡಿದರು. ಡ್ಯೂಸ್‌ಬರಿ ಎಂದರೆ ಹಳೆಯ ಉಣ್ಣೆ ಚಿಂದಿಯನ್ನು ಹರಿದು ಮತ್ತೆ ನೂತು ಬಟ್ಟೆ ನೇಯುವ ಗಿರಣಿಗಳ ಊರು. ಅಂಥ ಊರಿನವರಿಗೆ ವರ್ಷಕ್ಕೊಮ್ಮೆ ರಾಜಧಾನಿಗೆ ಹೋಗುವುದು ಜಾತ್ರೆಯಾಯಿತು. ವಾರವಾರ ಇಷ್ಟಿಷ್ಟೆಂದು ಚೀಟಿ ಕಟ್ಟಿದ ಹಾಗೆ ಹಣ ಕೂಡಿಹಾಕಿ, ಬುತ್ತಿ ಕಟ್ಟಿಕೊಂಡು ರೈಲು ಹತ್ತುತ್ತಿದ್ದರು. ಅದನ್ನು ನಾವು ತಪ್ಪೆನ್ನುವುದಿಲ್ಲ. ಕೂಲಿಕಾರನೂ ರಾಜಧಾನಿಯನ್ನು ಕಾಣಬೇಕು. ವರ್ಷಕ್ಕೆ ಒಂದು ಜಾತ್ರೆಗೆ ಸಾಲ ಮಾಡಿಯಾದರೂ ಹೋಗುತ್ತೇವೆ. ವಾರಕ್ಕೊಂದು ಜಾತ್ರೆಗೆ ಹೋಗಲಾದೀತೆ?

1954ರ ಏಪ್ರಿಲ್ 24ರಂದು ವೆಂಬ್ಲಿಯಲ್ಲಿ ವಾರಿಂಗ್ಟನ್ನಿಗೂ ಹ್ಯಾಲಿಫ್ಯಾಕ್ಸಿಗೂ ಅಂತಿಮ ಪಂದ್ಯ ನಡೆದು 4–4ರಿಂದ ಸರಿಸಮವಾಯಿತು. ನೋಡಿದವರು 81,841. ಪಂದ್ಯವನ್ನು ಮತ್ತೆ ಆಡಿಸಬೇಕಾಯಿತು. ಈ ಸಲ ಗೊತ್ತುಮಾಡಿದ್ದು ಉಣ್ಣೆ ಗಿರಣಿಗಳ ಬ್ರ್ಯಾಡ್‌ಫರ್ಡ್ ನಗರದ ಒಡ್ಸಲ್ ಮೈದಾನ. ಹ್ಯಾಲಿಫ್ಯಾಕ್ಸ್ ಅಲ್ಲಿಂದ ಹತ್ತು ಮೈಲಿಯೊಳಗೆ. ಮೈದಾನವೆಂದರೂ ಅದೊಂದು ದೊಡ್ಡ ಹಳ್ಳದಂಥ ಜಾಗ, ಬಹಳ ಮಂದಿ ಇಳಿಜಾರಿನಲ್ಲಿ ನಿಂತೇ ನೋಡಬೇಕು. ದಿನ ಮೇ 5, ಬುಧವಾರ. ಕೆಲಸದ ದಿನ, ಸಂಜೆಯ ಪಂದ್ಯ. ಬಂದವರೆಷ್ಟು? ಟಿಕೀಟಿನ ಲೆಕ್ಕಕ್ಕೆ ಸಿಕ್ಕವರೇ 1,02,569. ಬೇಲಿ ಹಾರಿ ಬಂದವರ ಲೆಕ್ಕ ಬೇರೆ.

ಎರಡೂ ಪಂದ್ಯಗಳಲ್ಲಿ ಅವೇ ಎರಡು ತಂಡ, ಅದೇ ಕಪ್ಪು, ನಡುವೆ ಹನ್ನೊಂದು ದಿನ. ರಾಜಧಾನಿಯಲ್ಲಿ ಶನಿವಾರ ಎಂಬತ್ತೆರಡು ಸಾವಿರದಷ್ಟು. ಗಿರಣಿ ಊರಿನಲ್ಲಿ ಬುಧವಾರ ಲಕ್ಷಕ್ಕೆ ಮೇಲೆ. ಕೆಲಸ ಮುಗಿಸಿ ಬಸ್ಸು ಹಿಡಿದು ಬಂದು, ಪಂದ್ಯ ನೋಡಿ, ರಾತ್ರಿ ತಮ್ಮ ಮನೆಯ ಹಾಸಿಗೆಯಲ್ಲಿ ಮಲಗಬಹುದಾಗಿತ್ತು, ಕೂಲಿ ಕಡಿತವಿಲ್ಲ. ಎರಡನೆಯ ಸಲ ಇಪ್ಪತ್ತು ಸಾವಿರ ಜನ ಹೆಚ್ಚು ಬಂದುದಕ್ಕೆ ಇದಕ್ಕಿಂತ ಬಲವಾದ ಕಾರಣ ನಮಗೆ ಕಾಣುವುದಿಲ್ಲ.

ಹಾಗಾದರೆ 2022ರಲ್ಲಿ ಹಡರ್ಸ್‌ಫೀಲ್ಡಿನಲ್ಲಿ ಪಂದ್ಯ ಇಟ್ಟರೂ ಜನ ಬರಲಿಲ್ಲವಲ್ಲ ಎಂದು ಕೇಳಬಹುದು. ಕೇಳಲೇಬೇಕು, ನಮಗೆ ಅನುಕೂಲವಾದ ಲೆಕ್ಕವನ್ನಷ್ಟೇ ಮುಂದಿಡುವುದು ಮಾಲಿಕರ ಪದ್ಧತಿ. ಆ ವಿಶ್ವಕಪ್ಪು ನಡೆಯಬೇಕಾದದ್ದು 2021ರಲ್ಲಿ. ಕೋವಿಡ್ ಕಾರಣ ಕೊಟ್ಟು ಆಸ್ಟ್ರೇಲಿಯ, ನ್ಯೂಜಿಲೆಂಡುಗಳು ಹಿಂದೆಗೆದುದರಿಂದ ಒಂದು ವರ್ಷ ಮುಂದಕ್ಕೆ ಹೋಯಿತು. ಬಂದದ್ದು ಎಂಥ ಹೊತ್ತಿಗೆ? 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇಕಡ 11.1, ನಲವತ್ತು ವರ್ಷಗಳಲ್ಲಿ ಅಷ್ಟು ಏರಿದ್ದಿಲ್ಲ. ಚಳಿಗಾಲ ಎದುರಿಗಿದೆ, ಮನೆ ಬೆಚ್ಚಗಿಡುವ ಗ್ಯಾಸಿನ ಬಿಲ್ಲು ನೋಡಿ ಎದೆ ಒಡೆಯುತ್ತಿದೆ. ಅಂಥ ಹೊತ್ತಿನಲ್ಲಿ ಟಿಕೀಟಿನ ದರ ಹೆಚ್ಚಾಯಿತೆಂಬ ದೂರು ಪಂದ್ಯಾವಳಿಯ ಉದ್ದಕ್ಕೂ ಕೇಳಿಬಂತು. ರೈಲು ನೌಕರರು ಪಗಾರಕ್ಕಾಗಿ ಮುಷ್ಕರ ಹೂಡಿದ್ದರು. ಹಲ್ ಪಂದ್ಯದ ದಿನವಾದ ನವೆಂಬರ್ 5ರಂದೂ ಮುಷ್ಕರ ಇರಬೇಕಾಗಿತ್ತು. ಹಿಂದಿನ ದಿನ ಅದನ್ನು ತಡೆಹಿಡಿದರೂ ರೈಲುಗಳ ವೇಳಾಪಟ್ಟಿ ಅಷ್ಟು ಬೇಗ ಸರಿಹೋಗಲಿಲ್ಲ. ಇದಕ್ಕೆ ರೈಲು ನೌಕರರನ್ನು ದೂರುವವರಿದ್ದಾರೆ. ನಾವು ದೂರುವುದಿಲ್ಲ. ಮುಷ್ಕರ ಹೂಡಿದವನೂ, ಪಂದ್ಯಕ್ಕೆ ಬಾರದೆ ಮನೆಯಲ್ಲಿ ಕುಳಿತವನೂ ಒಂದೇ ಬೆಲೆಯೇರಿಕೆಗೆ ಸಿಕ್ಕವರು.

ನಮಗೆ ತೋರುವುದೇನೆಂದರೆ, 1895ರಲ್ಲಿ ಆಟಗಾರನಿಗೆ ಇದ್ದ ತೊಡಕು ಈಗ ನೋಡುವವನ ಹೆಗಲಿಗೆ ಬಂದಿದೆ. ಅಂದು ಆಟಗಾರನು ಆಡಲು ಹೋದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಇಂದು ಆಟಗಾರನಿಗೆ ಸಂಬಳ ಉಂಟು. ನೋಡುವವನು ಮಾತ್ರ ಟಿಕೀಟು, ರೈಲು, ಊಟ, ಕೆಲವು ಸಲ ರಾತ್ರಿಯ ತಂಗುದಾಣ, ಇವಿಷ್ಟರ ಜತೆಗೆ ಶನಿವಾರದ ಹೆಚ್ಚಿನ ಪಾಳಿಯ ಕೂಲಿಯನ್ನೂ ಬಿಟ್ಟು ಬರಬೇಕು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರೆ ಇದೆಲ್ಲವೂ ನಾಲ್ಕರಷ್ಟು. ಅವನಿಗೆ ಕಳೆದ ಕೂಲಿ ತುಂಬಿಕೊಡುವವರಾರು? ಯಾರೂ ಇಲ್ಲ. ಆದ್ದರಿಂದ ಪಂದ್ಯ ಎಲ್ಲಿ, ಯಾವ ದಿನ, ಎಷ್ಟು ದರಕ್ಕೆ ಎಂಬ ಮೂರನ್ನೂ ಕೂಡಿಯೇ ಗೊತ್ತುಮಾಡಬೇಕು. ಊರನ್ನು ಸರಿಯಾಗಿ ಆರಿಸಿ ದರವನ್ನು ತಪ್ಪಾಗಿ ಇಟ್ಟರೆ ಹಡರ್ಸ್‌ಫೀಲ್ಡಿನಲ್ಲಿ ಆದದ್ದೇ ಆಗುತ್ತದೆ.

ಊರನ್ನೇ ತಪ್ಪಾಗಿ ಆರಿಸಿದರೆ ಏನಾದೀತು ಎಂಬುದಕ್ಕೆ 2000ನೆಯ ಇಸವಿಯ ವಿಶ್ವಕಪ್ಪು ಸಾಕ್ಷಿ. ಅಕ್ಟೋಬರ್ 28ರಂದು ಮೊದಲ ಪಂದ್ಯ, ಇಂಗ್ಲೆಂಡ್ ಆಸ್ಟ್ರೇಲಿಯಗಳಿಗೆ. ಅದನ್ನು ಇಟ್ಟದ್ದೆಲ್ಲಿ? ಲಂಡನ್ನಿನ ಟ್ವಿಕನ್ಹ್ಯಾಮಿನಲ್ಲಿ, 1893ರಲ್ಲಿ ಕೂಲಿಕಾರರ ಬೇಡಿಕೆಯನ್ನು ತಳ್ಳಿಹಾಕಿದ ಅದೇ ರಗ್ಬಿ ಯೂನಿಯನ್ನಿನ ಅರಮನೆಯಲ್ಲಿ! ಎಪ್ಪತ್ತೈದು ಸಾವಿರ ಕುರ್ಚಿಗಳಿಗೆ ಬಂದವರು 33,758. ಸುರಿಯುವ ಮಳೆ, ನೆರೆ. ಅದಕ್ಕೂ ಹನ್ನೊಂದು ದಿನ ಮುಂಚೆ ಹ್ಯಾಟ್‌ಫೀಲ್ಡಿನಲ್ಲಿ ರೈಲು ಹಳಿ ತಪ್ಪಿ, ಹಳಿಗಳ ಪರೀಕ್ಷೆಗಾಗಿ ದೇಶದ ಉದ್ದಗಲಕ್ಕೂ ರೈಲುಗಳನ್ನು ನಿಧಾನ ಮಾಡಿದ್ದರು. ಉತ್ತರದಿಂದ ಲಂಡನ್ನಿಗೆ ಬರುವುದೇ ಒಂದು ವನವಾಸ. ಹದಿನೈದು ಮಂದಿಯ ರಗ್ಬಿಯನ್ನೇ ಪ್ರಾಣವೆಂದು ತಿಳಿದ ಗ್ಲಾಸ್ಟರ್ ಊರಿನಲ್ಲಿ ನ್ಯೂಜಿಲೆಂಡ್ ಲೆಬನಾನ್ ಪಂದ್ಯ ಇಟ್ಟರು; ಬಂದವರು ಎರಡೂವರೆ ಸಾವಿರದಷ್ಟು. ಮಳೆ ದೈವದ್ದು, ರೈಲು ಅಪಘಾತ ಯಾರೂ ಎಣಿಸದ್ದು, ಒಪ್ಪಿದೆವು. ಆದರೆ ನೋಡುವವರೆಲ್ಲ ಉತ್ತರದಲ್ಲಿರುವಾಗ ಪಂದ್ಯವನ್ನು ದಕ್ಷಿಣಕ್ಕೆ ಒಯ್ದದ್ದು ಮನುಷ್ಯರೇ ಕುಳಿತು ಮಾಡಿದ ನಿರ್ಣಯ. ಅದರ ದಂಡ ದೊಡ್ಡದಾಯಿತು: ಮುಂದಿನ ವಿಶ್ವಕಪ್ಪು ನಡೆದದ್ದು 2008ರಲ್ಲಿ.

ಇದರಿಂದ ಪಾಠ ಕಲಿತವರೂ ಇದ್ದರು. 2013ರ ವಿಶ್ವಕಪ್ಪಿನಲ್ಲಿ ಅಂತಿಮ ಪಂದ್ಯವನ್ನು ಮ್ಯಾಂಚೆಸ್ಟರಿನಲ್ಲಿಟ್ಟರು, 74,468 ಜನ ಬಂದರು. ದೊಡ್ಡ ಪಂದ್ಯಕ್ಕೆ ದೊಡ್ಡ ಮೈದಾನ, ಅದು ಸರಿ. ನಮಗೆ ಅದಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಸಣ್ಣ ಊರುಗಳ ಲೆಕ್ಕ. ಉಕ್ಕು ಕಲ್ಲಿದ್ದಲುಗಳಿಂದ ಬೆಳೆದು, ಅವು ಹೋದಮೇಲೆ ಬಡವಾದ ವರ್ಕಿಂಗ್ಟನ್ ಎಂಬ ಕಡಲ ದಡದ ಊರಿನಲ್ಲಿ ಟೋಂಗಾ ದ್ವೀಪದವರಿಗೂ ಸ್ಕಾಟ್ಲೆಂಡಿನವರಿಗೂ ಪಂದ್ಯ. ಮಂಗಳವಾರ ರಾತ್ರಿ. ಊರಿನ ತಂಡ ಇಲ್ಲ, ದೇಶದ ತಂಡವೂ ಇಲ್ಲ. ಏಳೂವರೆ ಸಾವಿರ ಜನ ಬಂದು ಆ ಸಣ್ಣ ಮೈದಾನವನ್ನು ತುಂಬಿಬಿಟ್ಟರು.

ರಾಚ್‌ಡೇಲಿನ ಸಂಗತಿ ಇನ್ನೂ ಸ್ವಾರಸ್ಯದ್ದು. ರಾಚ್‌ಡೇಲ್ ಎಂದರೆ ನಮ್ಮ ಅಂಗಡಿಕಾರ ಮಿತ್ರರೂ ಸಹಕಾರ ಸಂಘದ ಸದಸ್ಯರೂ ಕೇಳಿರಬಹುದಾದ ಹೆಸರು. 1844ರಲ್ಲಿ ನೇಕಾರರೇ ಮೊದಲಾದ ಇಪ್ಪತ್ತೆಂಟು ಮಂದಿ ಕೂಡಿ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ತಮ್ಮದೇ ಅಂಗಡಿ ತೆರೆದು ಸಹಕಾರ ಚಳವಳಿಗೆ ಅಡಿಪಾಯ ಹಾಕಿದ ಊರು ಅದು. ಆ ಊರಿನ ರಗ್ಬಿ ತಂಡ 1961ರಲ್ಲಿ ಫಿಜಿ ದ್ವೀಪದಿಂದ ಜೋ ಲೆವುಲ, ಒರಿಸಿ ದವಾಯಿ ಎಂಬ ಇಬ್ಬರು ಆಟಗಾರರನ್ನು ಕರೆಸಿಕೊಂಡಿತು. ಅವರ ಹಿಂದೆ ಇನ್ನೂ ಕೆಲವರು ಬಂದರು. ಊರಿನವರೇ ಆಗಿ ನಿಂತವರೂ ಉಂಟು. ಐವತ್ತೆರಡು ವರ್ಷಗಳ ತರುವಾಯ ವಿಶ್ವಕಪ್ಪಿನಲ್ಲಿ ಫಿಜಿಯ ಪಂದ್ಯವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದಾಗ ರಾಚ್‌ಡೇಲಿನಲ್ಲಿಟ್ಟರು. ಎಂಟು ಸಾವಿರದ ಎಂಟುನೂರು ಮೀರಿ ಜನ ಬಂದರು. ಹೋಟೆಲಿನಲ್ಲಿ ಎಷ್ಟು ಹಾಸಿಗೆ, ವಿಮಾನ ನಿಲ್ದಾಣ ಎಷ್ಟು ದೂರ ಎಂದು ಕೋಷ್ಟಕ ಹಾಕುವವರಿಗೆ ಈ ನಂಟು ಕಾಣುತ್ತಿರಲಿಲ್ಲ. ಆ ಊರಿನ ನೆನಪು ಬಲ್ಲ ಯಾರೋ ಒಬ್ಬರು ಆ ಸಭೆಯಲ್ಲಿದ್ದಿರಬೇಕು.

ಸಣ್ಣ ವ್ಯಾಪಾರಿಗಳಿಗೂ ಇಲ್ಲಿ ಒಂದು ಮಾತು ಹೇಳಬೇಕು. ಊರ ನಡುವಿನ ಹಳೆಯ ಮೈದಾನಕ್ಕೆ ಜನ ಪೇಟೆಯ ಬೀದಿಯಲ್ಲೇ ನಡೆದುಹೋಗಬೇಕು. ಹೋಗುವಾಗ ಒಂದು ಕಡುಬು, ಬರುವಾಗ ಒಂದು ಪೊಟ್ಟಣ ಹುರಿದ ಆಲೂಗಡ್ಡೆ, ಮಗನಿಗೆ ಒಂದು ಟೊಪ್ಪಿಗೆ. ಬೀದಿಯ ಹತ್ತು ಅಂಗಡಿಗೂ ಆ ದಿನ ಹಬ್ಬ. ಊರ ಹೊರಗೆ ಹೆದ್ದಾರಿಯ ಪಕ್ಕ ಕಟ್ಟಿದ ಭಾರಿ ಮೈದಾನಕ್ಕೆ ಕಾರಿನಲ್ಲಿ ಬಂದವನು ಕಾರಿನಲ್ಲೇ ಹೋಗುತ್ತಾನೆ. ಅವನು ತಿನ್ನುವುದು ಕುಡಿಯುವುದು ಒಳಗೆ ಗುತ್ತಿಗೆ ಹಿಡಿದವನ ಹತ್ತಿರ. ಪಂದ್ಯ ನಮ್ಮ ಊರಿಗೆ ಬಂದರೆ ವ್ಯಾಪಾರ ಬೆಳೆಯುತ್ತದೆಂದು ನಗರಸಭೆಯವರು ತೆರಿಗೆಯ ಹಣ ಸುರಿಯುತ್ತಾರೆ. ಯಾರ ವ್ಯಾಪಾರ ಎಂದು ತೆರಿಗೆ ಕೊಡುವ ಅಂಗಡಿಕಾರನು ಕೇಳಬೇಕು. 2021ರದೆಂದು ಗೊತ್ತಾಗಿದ್ದ ವಿಶ್ವಕಪ್ಪಿಗೆ ಬ್ರಿಟಿಷ್ ಸರಕಾರ ಎರಡೂವರೆ ಕೋಟಿ ಪೌಂಡಿನವರೆಗೆ ಕೊಡಲು ಒಪ್ಪಿತ್ತು. ಅದರಲ್ಲಿ ಒಂದು ಕೋಟಿ ಆಟದ ಸೌಕರ್ಯಗಳಿಗೆಂದು ಮೀಸಲು. ಈ ಒಂದು ಕೋಟಿಯನ್ನು ನಾವು ಮೆಚ್ಚುತ್ತೇವೆ. ಪಂದ್ಯ ಮುಗಿದು ಪರದೇಶದ ತಂಡಗಳು ಹೊರಟುಹೋದರೂ ಊರಿನ ಹುಡುಗರಿಗೆ ಒಂದು ಒಳ್ಳೆಯ ಬಯಲು ಉಳಿಯುತ್ತದೆ.

ಹುಟ್ಟಿದ ಊರುಗಳಲ್ಲೇ ಸುತ್ತುತ್ತಿದ್ದರೆ ಆಟ ಬೆಳೆಯುವುದು ಹೇಗೆ ಎಂಬ ಆಕ್ಷೇಪ ಸುಳ್ಳಲ್ಲ. 2022ರಲ್ಲೇ ಇಂಗ್ಲೆಂಡಿನ ಮೊದಲ ಪಂದ್ಯ ನ್ಯೂಕ್ಯಾಸಲ್ ನಗರದಲ್ಲಿ ನಡೆದು 43,199 ಜನ ಸೇರಿದರು. ನ್ಯೂಕ್ಯಾಸಲ್ ಕಾಲ್ಚೆಂಡಿನ ಊರು, ರಗ್ಬಿ ಲೀಗಿನದಲ್ಲ. ಅಲ್ಲಿ ಹೇಗೆ ಫಲಿಸಿತು? ಲೀಗಿನ ಎಲ್ಲ ತಂಡಗಳೂ ಒಂದೇ ಮೈದಾನದಲ್ಲಿ ಕೂಡಿ ಆಡುವ ಒಂದು ವಾರಾಂತ್ಯದ ಮೇಳವುಂಟು. ಅದನ್ನು 2015ರಿಂದ ನಾಲ್ಕು ವರ್ಷ ಬಿಡದೆ ಆ ಊರಿನಲ್ಲಿ ಇಟ್ಟರು, ಆಮೇಲೂ ಮತ್ತೆ ಮತ್ತೆ ಒಯ್ದರು. ಊರಿನವರಿಗೆ ರೂಢಿಯಾಯಿತು, ಯಾರ್ಕ್‌ಷೈರಿನವರಿಗೂ ರೈಲಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಬರುವಷ್ಟು ಹತ್ತಿರ. ಅದೇ ಮೇಳವನ್ನು ಅದಕ್ಕೂ ಮುಂಚೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2009, 2010ರಲ್ಲಿ ಎರಡೇ ವರ್ಷ ಇಟ್ಟು ಕಿತ್ತರು. ಹೊಸ ಊರಿಗೆ ಹೋಗುವುದಾದರೆ ಹತ್ತು ವರ್ಷ ಹೋಗಲಿ. ಒಂದು ವರ್ಷ ಹೋಗಿ ಕುರ್ಚಿ ಖಾಲಿಯೆಂದು ಮರಳಿ ಬರುವುದಾದರೆ ಆ ಖರ್ಚು ಯಾತಕ್ಕೆ?

ಲಂಡನ್ನನ್ನೂ ನಾವು ಬೇಡವೆನ್ನುವುದಿಲ್ಲ. 2025ರ ಅಕ್ಟೋಬರ್, ನವೆಂಬರಿನಲ್ಲಿ ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ, 2003ರ ತರುವಾಯ ಮೊದಲ ಸಲ, ಆಷಸ್ ಸರಣಿ ನಡೆದಾಗ ವೆಂಬ್ಲಿಗೆ ಅರವತ್ತು ಸಾವಿರಕ್ಕೂ ಹೆಚ್ಚು, ಲಿವರ್‌ಪೂಲಿನ ಹೊಸ ಮೈದಾನಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಮೂರನೆಯದು ಲೀಡ್ಸ್ ನಗರದ ಹಳೆಯ ಹೆಡಿಂಗ್ಲಿಯಲ್ಲಿ. ಇಂಗ್ಲೆಂಡ್ ಮೂರನ್ನೂ ಸೋತಿತು ಎನ್ನುವುದು ಬೇರೆ ಮಾತು. ಇಪ್ಪತ್ತೆರಡು ವರ್ಷ ಕಾದ ಪಂದ್ಯಕ್ಕೆ ಸಾಲ ಮಾಡಿಯೂ ಹೋಗುತ್ತಾರೆ. ಲೆಬನಾನಿನ ವಿರುದ್ಧ ಆಸ್ಟ್ರೇಲಿಯ 48–4ರಿಂದ ಗೆಲ್ಲುವ ಪಂದ್ಯಕ್ಕೂ ಅಷ್ಟೇ ದರ್ಪದ ಮೈದಾನ ಬೇಕೆಂದರೆ ಕುರ್ಚಿ ಖಾಲಿ ಉಳಿಯದೆ ಏನು? ಅದೇ 2022ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಆಡುವ ರಗ್ಬಿಯ ವಿಶ್ವಕಪ್ಪೂ ಜತೆಗೇ ನಡೆಯಿತು. ಮ್ಯಾಂಚೆಸ್ಟರಿನ ಒಂದು ಸಭಾಂಗಣದಲ್ಲಿ ಅದರ ಅಂತಿಮ ಪಂದ್ಯ. ಇಂಗ್ಲೆಂಡ್ ಫ್ರಾನ್ಸನ್ನು 28–24ರಿಂದ ಸೋಲಿಸಿತು. ನೋಡಿದವರು 4,526, ಆ ಆಟದ ಮಟ್ಟಿಗೆ ಅದೇ ದಾಖಲೆ. ಮೈದಾನದ ಅಳತೆಯನ್ನು ಜನರ ಅಳತೆಗೆ ತಕ್ಕಂತೆ ಇಟ್ಟರೆ ನಾಲ್ಕು ಸಾವಿರವೂ ಜಾತ್ರೆಯೇ.

2025ರ ವಿಶ್ವಕಪ್ಪನ್ನು ಫ್ರಾನ್ಸಿಗೆ ಕೊಟ್ಟಿದ್ದರು. ಮಧ್ಯಮ ಗಾತ್ರದ ಊರುಗಳಿಗೆ ಪಂದ್ಯಗಳನ್ನು ಹಂಚುತ್ತೇವೆಂದು ಅವರು ಹೇಳಿದ್ದರು; ನಮಗೂ ಆಸೆ ಹುಟ್ಟಿತ್ತು. ಹಣದ ಹೊಣೆ ಹೊರಲು ಅಲ್ಲಿಯ ಸರಕಾರ ಒಪ್ಪಲಿಲ್ಲ. 2023ರಲ್ಲಿ ಫ್ರಾನ್ಸ್ ಕೈಬಿಟ್ಟಿತು, ಪಂದ್ಯಾವಳಿ 2026ಕ್ಕೆ ಸರಿದು ಆಸ್ಟ್ರೇಲಿಯದ ಪಾಲಾಯಿತು.

ಇನ್ನು ನಮ್ಮ ದೇಶದ ಮಾತು. ರಗ್ಬಿ ನಮಗೆ ಹೊಸದೇನಲ್ಲ. 1873ರಲ್ಲಿ ಕಲ್ಕತ್ತೆಯ ಬಿಳಿಯರು ಒಂದು ಕ್ಲಬ್ಬು ಕಟ್ಟಿದರು. ಆಡುವವರೂ ನೋಡುವವರೂ ಅವರೇ. ಪುಕ್ಕಟೆ ಮದ್ಯ ಕೊಡುವುದನ್ನು ನಿಲ್ಲಿಸಿದೊಡನೆ ಸದಸ್ಯರು ಕರಗಿದರೆಂದು ಕಥೆ. 1878ರಲ್ಲಿ ಕ್ಲಬ್ಬು ಮುಚ್ಚಿ, ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಇಂಗ್ಲೆಂಡ್ ಸ್ಕಾಟ್ಲೆಂಡುಗಳು ಅದಕ್ಕಾಗಿ ಇಂದಿಗೂ ಆಡುತ್ತವೆ. ಹೂಗ್ಲಿ ದಡದ ಸೆಣಬಿನ ಗಿರಣಿಗಳ ಕೂಲಿಕಾರರಿಗೆ ಆ ಆಟ ತಲುಪಲೇ ಇಲ್ಲ. ಅವರ ಮಕ್ಕಳು ಹಿಡಿದದ್ದು ಮೈದಾನದ ಬಯಲಿನಲ್ಲಿ ಬರಿಗಾಲಲ್ಲಿ ಆಡಬಹುದಾದ ಕಾಲ್ಚೆಂಡನ್ನು.

2025ರ ಜೂನಿನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಎಂಬುದು ನಮ್ಮಲ್ಲಿ ಮೊದಲ ಸಲ ನಡೆಯಿತು. ಪಕ್ಷಕ್ಕೆ ಏಳು ಮಂದಿಯ ಆಟ. ಆರು ತಂಡ: ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದು, ಕಳಿಂಗ, ಮುಂಬಯಿ. ಪಂದ್ಯಗಳೆಲ್ಲವೂ ಮುಂಬಯಿಯ ಅಂಧೇರಿಯಲ್ಲಿ, ಮಳೆಗಾಲದ ಆರಂಭದಲ್ಲಿ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡ ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಒಡಿಶಾದಲ್ಲಿ ಆದಿವಾಸಿ ಹುಡುಗ ಹುಡುಗಿಯರು ವರ್ಷಗಳಿಂದ ಈ ಆಟದಲ್ಲಿ ಹೆಸರು ಮಾಡಿದ್ದಾರೆ. ಕಳಿಂಗದ ಹೆಸರಿನ ತಂಡವೂ ಅವರ ಊರಿಗೆ ಹೋಗಲಿಲ್ಲ. ಮೊದಲ ವರ್ಷ, ಖರ್ಚು ಹಿಡಿತದಲ್ಲಿರಲಿ ಎಂದು ಹೀಗೆ ಮಾಡಿರಬಹುದು. ಅದನ್ನು ನಾವು ಅರಿಯದವರಲ್ಲ. ಆದರೆ ಅಭ್ಯಾಸ ಬಲು ಬೇಗ ಬೀಳುತ್ತದೆ. ನಮ್ಮದೇ ಮಣ್ಣಿನ ಕಬಡ್ಡಿಯ ಲೀಗು ಕೂಡ 2025ರಲ್ಲಿ ನಾಲ್ಕೇ ನಗರಗಳಲ್ಲಿ ನಡೆಯಿತು. ಅವುಗಳಲ್ಲಿ ಬೆಂಗಳೂರು ಇರಲಿಲ್ಲ. ಸಣ್ಣ ಊರಿಗೆ ಅಂತರರಾಷ್ಟ್ರೀಯ ಪಂದ್ಯ ಒಯ್ಯಲಾಗದು ಎನ್ನುವವರಿಗೆ ಬಿಹಾರದ ರಾಜಗೀರ್ ಉತ್ತರ ಕೊಟ್ಟಿದೆ: ಏಷ್ಯದ ಇಪ್ಪತ್ತರೊಳಗಿನ ವಯಸ್ಸಿನವರ ರಗ್ಬಿ ಪಂದ್ಯಾವಳಿ 2025ರ ಆಗಸ್ಟಿನಲ್ಲಿ ಅಲ್ಲಿಯೇ ನಡೆಯಿತು.

ಚಹದಂಗಡಿಯ ಯಜಮಾನರು ಇಷ್ಟನ್ನೂ ಕೇಳಿ, "ಹಂಗಾದ್ರೆ ನಮ್ಮೂರಿಗೆ ತರಸ್ರಿ, ನಾನೂ ನೋಡ್ತೀನಿ" ಎಂದರು. ತರಿಸುವ ಅಧಿಕಾರ ನಮ್ಮದಲ್ಲ. ಕೇಳುವ ಅಧಿಕಾರ ಇದೆ. ಬೆಂಗಳೂರಿನ ಹೆಸರಿನ ತಂಡದವರು ವರ್ಷಕ್ಕೆ ಎರಡು ಪಂದ್ಯಗಳನ್ನಾದರೂ ಕರ್ನಾಟಕದಲ್ಲಿ ಆಡಲಿ. ಅವುಗಳಲ್ಲಿ ಒಂದು ಬೆಂಗಳೂರಿನ ಹೊರಗೆ ಯಾವುದಾದರೊಂದು ಜಿಲ್ಲಾ ಊರಿನ ಕ್ರೀಡಾಂಗಣದಲ್ಲಿ ನಡೆಯಲಿ. ಭಾನುವಾರ ಇಡಲಿ, ಸಂತೆಯ ದಿನ ಬೇಡ. ಟಿಕೀಟಿನ ದರ ಸಿನಿಮಾದ ಗಾಂಧಿ ಕ್ಲಾಸಿಗಿಂತ ಮೇಲೆ ಹೋಗದಿರಲಿ, ಶಾಲೆಯ ಹುಡುಗರಿಗೆ ಪುಕ್ಕಟೆ ಇರಲಿ. ಮೈದಾನದ ಹೊರಗೆ ಕೈಗಾಡಿಯವರನ್ನು ಪೊಲೀಸರು ಓಡಿಸದಿರಲಿ. ಬೆಳಗಿನ ಪಾಳಿ ಬಿಟ್ಟವರು ಬಂದು ಸೇರುವಂತೆ ನಾಲ್ಕು ಗಂಟೆಗೆ ಆರಂಭಿಸಿ, ಹಳ್ಳಿಯ ಕೊನೆಯ ಬಸ್ಸು ಹೊರಡುವ ಮೊದಲು ಮುಗಿಸಲಿ. ಎಷ್ಟು ಜನ ಬಂದರೆಂದು ಆಮೇಲೆ ಎಣಿಸೋಣ.